ಹದಿನಾರು ಕೆ ಬೆಳಗು

ಸಿಡಿಲಿಗೆ ನಮ್ಮ ಮನೆಯ ಕಂಪ್ಯೂಟರ್ ಸುಟ್ಟುಹೋದಾಗ ಸೊಸೆ ಚಂಪಕಳಿಗೆ ಎಂಟು ತಿಂಗಳು ತುಂಬಿತ್ತು. ನಡುಮನೆಯ ಟೀವಿಯ ಪಕ್ಕ ಕೂತಿದ್ದ ಆ ಬೂದು ಪೆಟ್ಟಿಗೆಯಿಂದ ಒಂದೆಳೆ ಹೊಗೆ ಎದ್ದಿತು, ಸುಟ್ಟ ರಬ್ಬರಿನ ವಾಸನೆ ಬಂತು, ಅಷ್ಟೇ. ನಮ್ಮ ಯಜಮಾನರು ಮೊದಲು ಕೇಳಿದ್ದು "ಟೀವಿಗೇನೂ ಆಗಿಲ್ಲ ತಾನೆ?" ಎಂದು. ನಾಳೆಯಿಂದ ಈ ಮನೆಗೆ ಬೆಳಗಾಗುವುದಿಲ್ಲ ಎನ್ನುವುದು ಅವರಿಗೆ ಅರ್ಥವಾಗಲು ಮಾರನೆಯ ದಿನ ಕಾಫಿಯ ಹೊತ್ತಾಗಬೇಕಾಯಿತು.

ನಮ್ಮ ಊರಿನಲ್ಲಿ ಸೂರ್ಯ ಬೀದಿಗೆ ತಾನಾಗಿಯೇ ಬರುತ್ತಾನೆ. ಕೆರೆಗೆ ಬರುತ್ತಾನೆ, ಗದ್ದೆಗೆ ಬರುತ್ತಾನೆ, ಬಸ್ಸು ನಿಲ್ಲುವ ಕಟ್ಟೆಗೂ ಬರುತ್ತಾನೆ. ಸೂರಿನ ಕೆಳಗೆ ಮಾತ್ರ ಕರೆಯದೆ ಬರುವುದಿಲ್ಲ. ಕರೆಯುವುದಕ್ಕೆಂದು ಪ್ರತಿ ಮನೆಯಲ್ಲೂ ಒಂದು ಹಳೆಯ ಕಂಪ್ಯೂಟರ್, ಒಂದು ಟೇಪ್ ರೆಕಾರ್ಡರ್, ಟೇಪಿನಲ್ಲಿ ಆ ಮನೆಯದೇ ಪ್ರೋಗ್ರಾಮು. ಅದು ಕಿರುಚಿ ಕಿರುಚಿ ಕಂಪ್ಯೂಟರಿನೊಳಗೆ ಇಳಿಯುವವರೆಗೆ ಕಾದು, ಆಮೇಲೆ ಅದನ್ನು ಓಡಿಸಿದರೆ ಕೋಣೆ ಕೋಣೆಯಾಗಿ ಬೆಳಕು ಹರಿಯುತ್ತದೆ. ಹೊರಗೆ ಸೂರ್ಯ ಇರುವಷ್ಟು ಹೊತ್ತು ಯಾವಾಗ ಬೇಕಾದರೂ ಕರೆಯಬಹುದು. ಹೊಸ ಮಾದರಿಯ ಕಂಪ್ಯೂಟರುಗಳನ್ನು ತಂದಿಟ್ಟುಕೊಂಡವರೂ ಇದ್ದಾರೆ. ಅವು ಹಾಡುತ್ತವೆ, ಸಿನಿಮಾ ತೋರಿಸುತ್ತವೆ, ಬೆಳಗು ಮಾತ್ರ ತರುವುದಿಲ್ಲ.

ಊರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಶಾಲೆಯಲ್ಲಿ ಎರಡು ಸಲ ಹಾಜರಿ ಕೂಗುತ್ತಾರೆ, ಬೇಗ ಬೆಳಗಾಗುವ ಮನೆಯ ಮಕ್ಕಳಿಗೊಂದು, ತಡವಾಗುವ ಮನೆಯವರಿಗೊಂದು. ಹೆಣ್ಣು ಕೊಡುವವರು ಗಂಡಿನ ಕೆಲಸ ಕೇಳುವ ಮೊದಲು "ನಿಮ್ಮಲ್ಲಿ ಬೆಳಗು ಎಲ್ಲೀವರೆಗೆ ಬರತ್ತೆ?" ಎಂದು ಕೇಳುತ್ತಾರೆ. ನಾನು ಮದುವೆಯಾಗಿ ಬಂದಾಗ ಈ ಮನೆಯ ಉತ್ತರ ದೇವರಮನೆಯವರೆಗೆ ಎಂದಿತ್ತು. ಜಗಲಿ, ನಡುಮನೆ, ದೇವರಮನೆ, ಅಲ್ಲಿಗೆ ಮೆಮೊರಿ ಮುಗಿಯುತ್ತಿತ್ತು. ಬೆಳಗಾದ ಕೋಣೆ ಸಂಜೆಯವರೆಗೂ ತನ್ನ ಪಾಲಿನ ಮೆಮೊರಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಇರುತ್ತದೆ, ಬಿಡುವುದಿಲ್ಲ. ಊರಿನ ಕರೆಂಟು ಕಂಪ್ಯೂಟರಿಗೂ ಟೀವಿಗೂ ಅಷ್ಟೇ ಸಾಲುತ್ತದೆ, ಹಾಗಾಗಿ ಅಡುಗೆಮನೆ ಮತ್ತು ಅದರ ಹಿಂದಿನ ಕೋಣೆಗೆ ಯಾವ ಕಾಲಕ್ಕೂ ಸೀಮೆಎಣ್ಣೆ ದೀಪವೇ. ಊರಿನ ಅಡುಗೆಮನೆಗಳೆಲ್ಲ ಹಾಗೇ ಇದ್ದುದರಿಂದ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ. ಅನ್ನ ಬೆಂದಿದೆಯೋ ಇಲ್ಲವೋ ಮೂಗಿಗೆ ಗೊತ್ತಾಗುತ್ತದೆ, ಕಣ್ಣೇ ಬೇಕೆಂದಿಲ್ಲ.

ಬೆಳಗಾಗದ ಮನೆಯಲ್ಲಿ ದೊಡ್ಡವರು ಹೇಗೋ ದಿನ ನೂಕಬಹುದು. ತೂಕಡಿಸುತ್ತ ಬೀದಿಗೆ ಹೋಗಿ ಮುಖಕ್ಕೆ ಬಿಸಿಲು ಹಾಕಿಕೊಂಡು ಬಂದರೆ ಎಚ್ಚರ ಬರುತ್ತದೆ. ಹುಟ್ಟುವ ಮಗುವಿನ ಕಥೆ ಹಾಗಲ್ಲ. ಅದು ಹುಟ್ಟಿದ ಕೋಣೆಯಲ್ಲಿ ಬೆಳಗಿರಬೇಕು. ಇಲ್ಲದಿದ್ದರೆ ಕಣ್ಣು ಬಿಡುವುದಿಲ್ಲ, ಅಳುವುದಿಲ್ಲ, ಉಸಿರಾಡುತ್ತ ಮಲಗಿಯೇ ಇರುತ್ತದೆ. ಮೇಲಿನ ಕೇರಿಯಲ್ಲಿ ಅಂಥದೊಂದು ಮಗುವನ್ನು ನಾನೇ ಎತ್ತಿಕೊಂಡಿದ್ದೆ. ಬೆಚ್ಚಗಿತ್ತು, ಕೂದಲು ಚೆನ್ನಾಗಿತ್ತು, ಎಷ್ಟು ಕರೆದರೂ ಈ ಕಡೆ ಬರಲಿಲ್ಲ. ಬೆಳಗು ಆಮೇಲೆ ಬಂದರೂ ಅದು ಏಳಲಿಲ್ಲ. ಬೇರೆಯವರ ಮನೆಯಲ್ಲಿ ಹೆರಿಗೆ ಮಾಡಿಸೋಣ ಎಂದರೆ ಮಗು ಆ ಮನೆಯ ಬೆಳಗಿಗೇ ಅಂಟಿಕೊಳ್ಳುತ್ತದೆ. ಪಕ್ಕದ ಬೀದಿಯ ಪ್ರಭಾವತಿಯ ಮಗಳು ಅಜ್ಜಿಯ ಮನೆಯಲ್ಲಿ ಹುಟ್ಟಿದವಳು. ಅವಳನ್ನು ಇವತ್ತಿಗೂ ದಿನಾ ಮಲಗಿದ ಹಾಗೇ ತಳ್ಳುಗಾಡಿಯಲ್ಲಿ ಹಾಕಿಕೊಂಡು ಅಜ್ಜಿಯ ಮನೆಗೆ ಎಬ್ಬಿಸಲು ಕರೆದೊಯ್ಯುತ್ತಾರೆ. ಅವಳು ಈಗ ಕಾಲೇಜಿಗೆ ಹೋಗುವ ಹುಡುಗಿ.

ಊರಿನ ಉಗ್ರಾಣದಿಂದ ನಮಗೆ ಬೇರೊಂದು ಕಂಪ್ಯೂಟರ್ ಕೊಟ್ಟರು. ಅದು ನಮ್ಮ ಹಳೆಯದರ ಜಾತಿಯದ್ದಲ್ಲ, ನಮ್ಮ ಟೇಪನ್ನು ಅದು ಮೂಸಿಯೂ ನೋಡಲಿಲ್ಲ. ಮೆಮೊರಿ ಹಳೆಯದರ ಅರ್ಧ, ಹದಿನಾರು ಕೆ. ಕೀಲಿಗಳು ರಬ್ಬರಿನವು, ಒತ್ತಿದರೆ ಹಳೆಯ ಇಡ್ಲಿಯ ಮೇಲೆ ಬೆರಳಿಟ್ಟ ಹಾಗಾಗುತ್ತಿತ್ತು. ಹೊಸದಾಗಿ ಬರೆಯಬೇಕು, ಅದೂ ಬೇಗ. ಈ ಮನೆಯಲ್ಲಿ ಬರೆಯುವವಳು ನಾನೇ. ಮದುವೆಯಾದ ಹೊಸದರಲ್ಲಿ ಯಜಮಾನರು ಹೇಳುತ್ತ ಹೋದರು, ನಾನು ಬೇಸಿಕ್ ಎನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆಯುತ್ತ ಹೋದೆ. ಮೂವತ್ತು ವರ್ಷ ಅದೇ ನಡೆದುಕೊಂಡು ಬಂದಿತ್ತು.

ಕತ್ತಲೆಯ ಎರಡನೆಯ ದಿನವೇ ಚಂಪಕ ಅಡುಗೆಮನೆಯ ಹೊಸ್ತಿಲು ಎಡವಿ ಬಿದ್ದಳು. ಸೂಲಗಿತ್ತಿ ಕೆಂಪಕ್ಕ ಬಂದು ಹೊಟ್ಟೆ ಮುಟ್ಟಿ ನೋಡಿ, ಹಿಂದಿನ ಕೋಣೆಯಲ್ಲೇ ಚಾಪೆ ಹಾಸಿ ಮಲಗಿಸಿದಳು. ಸಾಮಾನ್ಯವಾಗಿ ನೋವು ಶುರುವಾದರೆ ನಡುಮನೆಗೆ ತಂದು ಸೀರೆ ಅಡ್ಡ ಕಟ್ಟುವುದು ನಮ್ಮ ಕಡೆಯ ಪದ್ಧತಿ. ಕೆಂಪಕ್ಕ ತಲೆಯಾಡಿಸಿಬಿಟ್ಟಳು.

"ಮಗು ಅಡ್ಡ ತಿರುಗೈತೆ ಕಣಮ್ಮ. ಹೆರಿಗೆ ಆಗೋಗಂಟ ಇವಳನ್ನ ಅಲ್ಲಾಡಿಸೋ ಹಂಗಿಲ್ಲ. ಇಲ್ಲೇ ಆಗ್ಬೇಕು. ನೀವು ಬೆಳಗು ಇಲ್ಲೀಗಂಟ ತನ್ನಿ."

ಇಲ್ಲೀವರೆಗೆ ಎಂದರೆ ಈ ಮನೆಯ ಕಟ್ಟಕಡೆಯ ಕೋಣೆಗೆ. ಮೂವತ್ತೆರಡು ಕೆ ಇದ್ದಾಗಲೇ ಬರದ ಬೆಳಗು ಹದಿನಾರರಲ್ಲಿ ಬರಬೇಕು. ನಾನು ಚಂಪಕಳ ತಲೆ ಸವರಿ "ಬರತ್ತೆ ಬಿಡು" ಎಂದೆ. ನನ್ನ ದನಿ ನನಗೇ ನಂಬುವ ಹಾಗಿರಲಿಲ್ಲ.

ಆ ಸಂಜೆ ನಡುಮನೆಯಲ್ಲಿ ದೀಪ ಇಟ್ಟುಕೊಂಡು ನಾನು, ಯಜಮಾನರು, ಮಗ ಮೂವರೂ ಕೂತೆವು. ಯಾವುದರಲ್ಲಿ ಬರೆಯುವುದು ಎನ್ನುವುದೇ ದೊಡ್ಡ ಪ್ರಶ್ನೆ, ಏಕೆಂದರೆ ಒಂದು ಮನೆಗೆ ಒಂದೇ ಭಾಷೆ. ಕಂಪ್ಯೂಟರ್ ಯಾವುದರಲ್ಲಿ ಮೊದಲ ಬೆಳಗು ತಂದಿತೋ ಅದು ಕೆಡುವವರೆಗೆ ಅದೇ. ಇನ್ನೊಂದನ್ನು ಹಾಕಿದರೆ ಟೀವಿಯ ತುಂಬ ಇರುವೆ ಹರಿದಾಡುತ್ತವೆ, ಬೇರೇನೂ ಆಗುವುದಿಲ್ಲ.

"ಬೇಸಿಕ್ ಇದೆಯಲ್ಲ, ಅದ್ರಲ್ಲೇ ಬರಿ. ನಿಂಗೆ ಅಭ್ಯಾಸ ಇದೆ. ನಾನು ಹೇಳ್ತಾ ಹೋಗ್ತೀನಿ," ಎಂದರು ಯಜಮಾನರು, ಹೇಳುವುದೇ ಕಷ್ಟದ ಕೆಲಸ ಎನ್ನುವಂತೆ.

"ಬೇಸಿಕ್ಕಲ್ಲಿ ಹದಿನಾರು ಕೆ ಅಂದ್ರೆ ಜಗಲಿ ಮುಗಿಯೋದ್ರೊಳಗೆ ಖಾಲಿ ಅಪ್ಪ," ಎಂದ ಮಗ ಮಧುಕರ. "ನಿಧಾನ ಬೇರೆ. ಅಸೆಂಬ್ಲರೇ ಸರಿ. ಚಿಕ್ಕದಾಗಿ ಕೂರತ್ತೆ, ಕಣ್ಣು ಮಿಟುಕಿಸೋದ್ರಲ್ಲಿ ಇಡೀ ಮನೆ ಬೆಳಗಾಗತ್ತೆ."

"ಶ್ಯಾಮರಾಯರ ಮನೇಲಿ ಆದ ಹಾಗಾ?" ಎಂದೆ. ಬೀದಿಯ ತುದಿಯ ಶ್ಯಾಮರಾಯರು ದೊಡ್ಡ ಬುದ್ಧಿವಂತರು, ಬರೀ ಅಂಕಿ, ಗುರುತುಗಳ ಆ ಅಸೆಂಬ್ಲರಿನಲ್ಲಿ ಬರೆದರು. ಎಲ್ಲೋ ಒಂದು ಅಂಕಿ ತಪ್ಪಿತು. ಅವರ ಮನೆಯಲ್ಲಿ ಬೆಳಗು ನಸುಕಿನಲ್ಲೇ ನಿಂತುಬಿಟ್ಟಿದೆ, ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಹೋಗುವುದಿಲ್ಲ. ರಾಯರು ತೀರಿಕೊಂಡ ಮೇಲೆ ಅವರು ಬರೆದದ್ದನ್ನು ಓದಲು ಯಾರಿಗೂ ಆಗಲಿಲ್ಲ. ಅವರ ಹೆಂಡತಿ ಮಧ್ಯಾಹ್ನ ಊಟಕ್ಕೆ ಕೂತಾಗಲೂ "ಇನ್ನೂ ಸ್ವಲ್ಪ ಮಲಗ್ಬಹುದಿತ್ತು" ಎನ್ನುತ್ತಿರುತ್ತಾರೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಅಂಥ ಜೂಜಾಡುವ ಧೈರ್ಯ ನನಗಿರಲಿಲ್ಲ.

ಪುರಸಭೆಯ ದೊಡ್ಡ ಕಂಪ್ಯೂಟರಿನಲ್ಲಿ, ನಾವು ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸಿಕೊಡುವ ಕಂಪೈಲರ್ ಇತ್ತು. ಅಲ್ಲಿ ಕೂತು ಬರೆದು, ಟೇಪಿಗೆ ತುಂಬಿಸಿ ಮನೆಗೆ ತರಬಹುದು. ಅಲ್ಲಿಂದ ತಂದ ಬೆಳಗು ಗಟ್ಟಿ, ಕೈಕೊಡುವುದಿಲ್ಲ ಎನ್ನುತ್ತಾರೆ. ಆದರೆ ಎಲ್ಲ ಮನೆಯಲ್ಲೂ ಒಂದೇ ಬಣ್ಣ, ಒಂದೇ ಫಿನಾಯಿಲ್ ವಾಸನೆ, ಶುರುವಾಗುವಾಗ ಒಂದು ಸೈರನ್ನು ಬೇರೆ. ಅದೂ ಇರಲಿ ಎಂದು ಮಾರನೆಯ ದಿನ ನಾನು ಹೋಗಿ ವಿಚಾರಿಸಿದೆ. ಅಲ್ಲಿದ್ದ ಹುಡುಗಿ ನನ್ನ ಹದಿನಾರು ಕೆ ಕೇಳಿ, ನಗು ತಡೆದುಕೊಂಡು, "ನಮ್ಮ ಸೈರನ್ನೇ ಅಷ್ಟಾಗತ್ತೆ ಆಂಟಿ" ಎಂದಳು. ಮೆಟ್ಟಿಲು ಇಳಿದು ಹೊರಗೆ ಬಂದೆ. ಕಂಬ ಹಿಡಿದು ನಿಂತು ಅತ್ತೆ. ಬೀದಿಯಲ್ಲಿ ಬಿಸಿಲು ದಂಡಿಯಾಗಿ ಬಿದ್ದಿತ್ತು, ಯಾರಿಗೂ ಬೇಡದ ಹಾಗೆ. ಒಂದು ಬೊಗಸೆ ಹಿಡಿದು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವ ಹಾಗಿದ್ದಿದ್ದರೆ ಎನಿಸಿತು.

ಅಲ್ಲಿಂದ ನೇರ ನೂರಕ್ಕನ ಅಂಗಡಿಗೆ ಹೋದೆ. ನೂರ್‌ಜಹಾನ್ ಎಂದು ಹೆಸರು, ಎಲ್ಲರಿಗೂ ನೂರಕ್ಕ. ಪ್ರೋಗ್ರಾಮು ಬರೆಯುವ ಸಾಮಾನುಗಳನ್ನು ಎರವಲು ಕೊಡುವವಳು. ಅವಳ ಅಂಗಡಿಯಲ್ಲಿ, ಕಂಪ್ಯೂಟರಿಗೆ ಸಿಕ್ಕಿಸಿದರೆ ಒಂದೊಂದು ಭಾಷೆ ಕೊಡುವ ಕಾರ್ಟ್ರಿಡ್ಜುಗಳನ್ನು ಬಳೆಗಳ ಹಾಗೆ ದಾರಕ್ಕೆ ಪೋಣಿಸಿ ತೂಗುಹಾಕಿರುತ್ತಾಳೆ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡಳು.

"ನಿಮ್ಗೆ ಬೇಕಾಗಿರೋದು ಚಿಕ್ಕದು. ಕೆಟ್ರೆ ಅಲ್ಲಲ್ಲೇ ಗೊತ್ತಾಗೋದು. ಬೇಗ ಕಲಿಯೋದು. ಮೂರೂ ಒಟ್ಗೆ ಅಲ್ವಾ?" ಎಂದು ಕೆಳಗಿನ ಗೂಡಿಗೆ ಕೈ ಹಾಕಿ ಒಂದು ಕರಿ ಕಾರ್ಟ್ರಿಡ್ಜ್ ತೆಗೆದು ಊದಿದಳು. "ಫೋರ್ತ್ ಅಂತಾರೆ. ಯಾರೂ ಒಯ್ಯಲ್ಲ. ಇದ್ರಲ್ಲಿ ಮಾತೇ ಇಲ್ಲ, ಮಾತು ನೀವೇ ಕಟ್ಕೋಬೇಕು. ಚಿಕ್ಕ ಮಾತು ಮೊದ್ಲು, ಅದನ್ನ ಇಟ್ಕೊಂಡು ದೊಡ್ಡ ಮಾತು. ಒಂದೊಂದು ಮಾತೂ ಕಟ್ಟಿದ ಕೂಡ್ಲೇ ಹೇಳಿ ನೋಡ್ಬಹುದು."

"ಒಗ್ಗದೇ ಹೋದ್ರೆ?"

"ಬೆಳಗು ಬರೋಗಂಟ ಬದಲಾಯಿಸ್ಬಹುದು. ಬಂದ್ಮೇಲೆ ಆಗಲ್ಲ. ಒಂದು ಮಾತು ಗ್ಯಾಪಕ ಇರ್ಲಿ. ಇದಕ್ಕೆ ಕೊಟ್ಟಿದ್ದೆಲ್ಲ ತಟ್ಟೆ ಜೋಡಿಸ್ದಂಗೆ ಒಂದ್ರ ಮೇಲೊಂದು ಕೂರತ್ತೆ. ತಗೊಳ್ಳೋವಾಗ ಮೇಲಿಂದ ತಗೊಳ್ಳತ್ತೆ."

ಮನೆಯಲ್ಲಿ ಯಾರಿಗೂ ಅದು ಹಿಡಿಸಲಿಲ್ಲ. "ಊರಲ್ಲಿ ಯಾರ ಮನೇಲೂ ಇಲ್ದೇ ಇರೋದು ನಮಗ್ಯಾಕೆ? ನಾಳೆ ಕೆಟ್ರೆ ಯಾರನ್ನ ಕೇಳ್ತೀಯ?" ಎಂದರು ಯಜಮಾನರು. ಮಧುಕರ ಮುಖ ಊದಿಸಿಕೊಂಡು ಅಸೆಂಬ್ಲರಿನ ಕಾರ್ಟ್ರಿಡ್ಜನ್ನೂ ತಂದು ಟೀವಿಯ ಮೇಲಿಟ್ಟ, ನಾನು ಸೋತು ಕೇಳುವ ಹೊತ್ತಿಗೆ ಕೈಗೆ ಸಿಗಲಿ ಎಂದು. ಒಳಗಿನಿಂದ ಚಂಪಕ ಕೂಗಿದಳು, "ಅತ್ತೇ, ನಿಮಗೆ ಯಾವುದು ಸರಿ ಅನ್ಸತ್ತೋ ಅದ್ರಲ್ಲಿ ಬರೀರಿ. ಇವರಿಬ್ಬರಲ್ಲಿ ಯಾರೂ ಟೈಪು ಮಾಡಲ್ವಲ್ಲ." ಮಲಗಿದಲ್ಲಿಂದಲೇ ಅವಳು ಮಾತಿನಲ್ಲಿ ಒದೆಯುತ್ತಿದ್ದಳು. ಅವಳ ಧೈರ್ಯ ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಕತ್ತಲೆಯ ನಡುಮನೆಯಲ್ಲಿ ಟೀವಿಯ ನೀಲಿ ಬೆಳಕಿಗೆ ಮುಖ ಕೊಟ್ಟು ಕೂತೆ. ಮೊದಲು ಗಾಜು ಎನ್ನುವ ಮಾತು ಕಟ್ಟಿದೆ. ಗಾಜನ್ನು ಇಟ್ಟುಕೊಂಡು ಕಿಟಕಿ. ಕಿಟಕಿ ಎಂದು ಹೇಳಿ, ಆಮೇಲೆ ತೆರೆ ಎನ್ನಬೇಕು, ನಾವು ಮಾತಾಡುವ ಹಾಗೆಯೇ. ಗುಂಡಿ ಒತ್ತಿದೆ. ಎದುರಿನ ಕಿಟಕಿಯ ಮೂಲೆಯಲ್ಲಿ ಕೈಯಗಲದಷ್ಟು ಜಾಗ ಬೆಳ್ಳಗಾಗಿ, ಒಂದು ಗಳಿಗೆ ನಿಂತು, ಮತ್ತೆ ಕಪ್ಪಾಯಿತು. ನಾನು ಎದ್ದು ಹೋಗಿ ಆ ಜಾಗವನ್ನು ಮುಟ್ಟಿದೆ. ಸ್ವಲ್ಪ ಬೆಚ್ಚಗಿತ್ತು. ಇಷ್ಟಕ್ಕೇ ಖುಷಿಪಟ್ಟರೆ ಮುಂದಿನದು ಕೆಡುತ್ತದೇನೋ ಎಂದು ಅಂಜಿ ಯಾರಿಗೂ ಹೇಳಲಿಲ್ಲ.

ಆಮೇಲಿನ ದಿನಗಳೆಲ್ಲ ಹಾಗೇ ಹೋದವು. ಗೋಡೆ, ನೆಲ, ಸೂರು, ಬಾಗಿಲು. ಒಮ್ಮೆ ಕರೆಂಟು ಹೋಗಿ ಬರೆದದ್ದೆಲ್ಲ ಮಣ್ಣುಪಾಲಾಯಿತು. ಅಂದಿನಿಂದ ಪ್ರತಿ ಮಾತು ಕಟ್ಟಿದ ಮೇಲೂ ಟೇಪಿಗೆ ಹಾಕಿದೆ, ಟೇಪು ಸರಿಯಾಗಿ ಹಿಡಿದಿದೆಯೋ ಇಲ್ಲವೋ ಎಂದು ಮತ್ತೆ ಓದಿಸಿದೆ. ಹೀಗಾಗಿ ಬರೆದ ಹೊತ್ತಿಗಿಂತ ಕಾದ ಹೊತ್ತೇ ಹೆಚ್ಚು. ಒಳಗಿನಿಂದ ಚಂಪಕ ಆಗಾಗ "ಅತ್ತೇ, ಎಲ್ಲೀವರೆಗೆ ಬಂತು?" ಎನ್ನುತ್ತಿದ್ದಳು. "ಬರ್ತಾ ಇದೆ" ಎನ್ನುತ್ತಿದ್ದೆ. ಅನ್ನಕ್ಕಿಟ್ಟು ಬರುವುದು, ಟೈಪು ಮಾಡುವುದು, ಸೊಸೆಯ ಕಾಲು ಒತ್ತಿ ಬರುವುದು, ಮತ್ತೆ ಟೈಪು ಮಾಡುವುದು. ಯಾವ ಕೋಣೆ ಎಷ್ಟು ಮೆಮೊರಿ ತಿನ್ನುತ್ತದೆ ಎಂದು ಮಧುಕರ ಲೆಕ್ಕ ಹಾಕಿ, ಎಲ್ಲ ಹಿಡಿಸುತ್ತದೆ ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವನು ತಂದೆಯಾಗುವವನು, ಲೆಕ್ಕಕ್ಕೆ ಆಸೆ ಬೆರೆಸಿದ್ದಾನೆ ಎಂದು ನನಗೆ ಆಗಲೇ ಗುಮಾನಿ ಬಂತು.

"ಜಗಲಿ ಸ್ವಲ್ಪ ಕಡಿಮೆ ಮಾಡಿದ್ರೆ ಹ್ಯಾಗೆ?" ಎಂದು ಯಜಮಾನರನ್ನು ಕೇಳಿದೆ.

"ಜಗಲಿ ಕತ್ತಲಿದ್ರೆ ಅದು ಮನೇನಾ? ಹಾದು ಹೋಗೋರು ಏನಂತಾರೆ, ಈ ಮನೇಲಿ ಯಾರೂ ಬದುಕಿಲ್ಲ ಅಂತಾರೆ. ನಿನ್ನ ಅಡುಗೆಮನೆ ಕಡೇದೇ ಮೆಮೊರಿ ತಿನ್ನೋದು. ಊರಗಲ ಇದೆ ಅದು. ಹೊಗೆ, ಮಸಿ, ಪಾತ್ರೆ, ಪಡಗ. ಅದಕ್ಕೇ ಅಲ್ವಾ ನಮ್ಮಪ್ಪನ ಕಾಲದಿಂದ ಅದನ್ನ ಕೊನೇಲಿಟ್ಟಿರೋದು?"

ಜಗಲಿ ಅವರ ಜಾಗ. ಬೆಳಗು ಬರುವುದನ್ನು ಅಲ್ಲಿ ಕೂತು ಮೊದಲು ನೋಡುವುದು ಅವರ ಹಕ್ಕು. ಅವರು ಅಡುಗೆಮನೆಯ ಬಾಗಿಲಿಗೆ ಬಂದು ಕಾಫಿ ಕೇಳುತ್ತಿದ್ದರು, ಕತ್ತಲೆಯಿಂದ ಲೋಟ ಹೊರಗೆ ಬರುತ್ತಿತ್ತು, ತೆಗೆದುಕೊಂಡು ಹೋಗುತ್ತಿದ್ದರು. ನಾನು ವಾದ ಬೆಳೆಸಲಿಲ್ಲ. ಬೆಳಕು ಬಾಗಿಲಿನಿಂದ ತಾನೆ ಒಳಗೆ ಬರುವುದು ಎಂದು ನಾನೂ ಅಂದುಕೊಂಡವಳೇ.

ನೋವು ಹೇಳಿ ಕೇಳಿ ಬರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ನಾನು ಟೀವಿಯ ಮುಂದೆ ಕೂತಿದ್ದಾಗ ಹಿಂದಿನ ಕೋಣೆಯಿಂದ ಚಂಪಕ ಒಮ್ಮೆ ಕೂಗಿದಳು. ಆ ಕೂಗಿನಲ್ಲಿ ಅವಳ ಎಂದಿನ ಕುಚೋದ್ಯ ಇರಲಿಲ್ಲ. ಮಧುಕರ ಓಡಿಹೋಗಿ ಕೆಂಪಕ್ಕನನ್ನು ಕರೆತಂದ. ಕೆಂಪಕ್ಕ ದೀಪ ಹಿಡಿದು ಒಳಗೆ ಹೋದವಳು ತಕ್ಷಣ ಹೊರಗೆ ಬಂದು ನನ್ನ ಮುಖದ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು, "ಮಗು ತಿರುಗಿ ನೆಟ್ಟಗಾಗೈತೆ, ಇನ್ನು ತಡ ಇಲ್ಲ. ಬಿರ್ರನೆ ಮುಗಿಸಮ್ಮ. ಹೊತ್ತು ಇಳೀತಾ ಐತೆ. ಸೂರ್ಯ ಹೋದ ಮ್ಯಾಲೆ ಕರುದ್ರೆ ಯಾರು ಬಂದಾರು?"

ಕೋಣೆಗಳ ಮಾತುಗಳೆಲ್ಲ ಕಟ್ಟಿ ಮುಗಿದಿದ್ದವು. ಅವನ್ನೆಲ್ಲ ಒಟ್ಟಿಗೆ ಕರೆಯುವ ಕೊನೆಯ ಮಾತೊಂದು ಬಾಕಿ ಇತ್ತು. ರಬ್ಬರಿನ ಕೀಲಿ ತಪ್ಪಿ ತಪ್ಪಿ ಒತ್ತಿ ಎರಡು ಸಲ ಅಳಿಸಿದೆ. ಯಜಮಾನರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಗಾಬರಿ ಆಗ್ಬೇಡ್ವೇ. ನಾನು ಹೇಳ್ತೀನಿ, ನೀನು ಹೊಡಿ. ಜಗಲಿ."

ಜಗಲಿ ಎಂದು ಹೊಡೆದೆ.

"ನಡುಮನೆ. ದೇವರಮನೆ." ಅವರು ಮಂತ್ರ ಹೇಳುವ ಹಾಗೆ ಹೇಳುತ್ತಿದ್ದರು. ಮೂವತ್ತು ವರ್ಷದ ಹಿಂದೆಯೂ ಹೀಗೇ ಹೇಳಿದ್ದರು, ನಾನು ಹೀಗೇ ಹೊಡೆದಿದ್ದೆ. "ಅಡುಗೆಮನೆ. ಹಿಂದಿನ ಕೋಣೆ. ಆಯ್ತು, ಈಗ ಕರಿ." ಎದ್ದು ಪಂಚೆ ಸರಿಮಾಡಿಕೊಂಡು ಜಗಲಿಗೆ ಹೋಗಿ ನಿಂತರು. ಮಧುಕರ ಹಿಂದಿನ ಕೋಣೆಯ ಬಾಗಿಲಿಗೆ ಹೋದ. ನಾನು ಬಾ ಎಂದು ಬರೆದು ಗುಂಡಿ ಒತ್ತಿದೆ.

ಟೀವಿ ಒಮ್ಮೆ ಮಿಂಚಿ ಖಾಲಿಯಾಯಿತು. ಒಂದು ಅಕ್ಷರವಿಲ್ಲ, ಒಂದು ಚುಕ್ಕಿಯಿಲ್ಲ.

"ಬಂತೇನ್ರೀ?" ಎಂದು ಕೂಗಿದೆ.

"ಇಲ್ಲ!"

ಕಾದೆ. ಎದುರಿನ ಕಿಟಕಿ ಕಪ್ಪಗೇ ಇತ್ತು. ಜಗಲಿಯ ಕಡೆ ಕತ್ತು ಚಾಚಿದೆ. ಅಲ್ಲಿಯೂ ಕತ್ತಲು, ಅದರಾಚೆ ಬೀದಿಯಲ್ಲಿ ಮಾತ್ರ ಇಳಿಬಿಸಿಲು. ಒಳಗೆ ಚಂಪಕ ಹಲ್ಲು ಕಚ್ಚಿ ನರಳುವುದು ಕೇಳುತ್ತಿತ್ತು.

"ಈಗ?"

"ಬರ್ಲಿಲ್ಲ ಕಣೇ! ಏನೋ ತಪ್ಪಾಗಿದೆ. ಆರಿಸಿ ಮತ್ತೆ ಹಾಕು! ನಾನು ಮೊದ್ಲೇ ಹೇಳಿದ್ದೆ, ಬೇಸಿಕ್ಕಲ್ಲಿ ಬರಿ ಅಂತ!"

ಶ್ಯಾಮರಾಯರ ಮನೆ ನೆನಪಾಯಿತು, ಮೇಲಿನ ಕೇರಿಯ ಬೆಚ್ಚಗಿನ ಮಗು ನೆನಪಾಯಿತು. ಯಾರಿಗೂ ಬೇಡದ ಭಾಷೆಯನ್ನು ಹಟ ಮಾಡಿ ತಂದವಳು ನಾನು. ಆರಿಸಿದರೆ ಟೇಪು ಮತ್ತೆ ಮೊದಲಿನಿಂದ ಇಳಿಯಬೇಕು. ಅಷ್ಟು ಹೊತ್ತು ಸೂರ್ಯ ಇರುತ್ತಾನೋ, ಮಗು ಕಾಯುತ್ತದೋ. ಆರಿಸದೆ ಕೂತರೆ ಸತ್ತ ಪೆಟ್ಟಿಗೆಯ ಮುಂದೆ ಕೂತ ಹಾಗೆ. "ಆರಿಸೇ!" ಎಂದು ಜಗಲಿಯಿಂದ ಮತ್ತೊಮ್ಮೆ ಕೂಗಿದರು. ದೇವರೇ ಎಂದುಕೊಂಡು ಗೋಡೆಯ ಸ್ವಿಚ್ಚಿನ ಮೇಲೆ ಕೈಯಿಟ್ಟೆ.

"ಅಮ್ಮಾ, ಮುಟ್ಬೇಡ!"

ಮಧುಕರ ಅಡುಗೆಮನೆಯ ಕಡೆಯಿಂದ ಓಡಿಬರುತ್ತಿದ್ದ. ಅವನ ಮುಖ ನನಗೆ ಸರಿಯಾಗಿ ಕಾಣಲಿಲ್ಲ, ಏಕೆಂದರೆ ಬೆಳಕು ಅವನ ಬೆನ್ನ ಹಿಂದೆ ಇತ್ತು. "ಅಲ್ಲಿ ಬಂದಿದೆ ಅಮ್ಮಾ! ಆಗ್ಲೇ ಬಂತು! ಹಿಂದಿನ ಕೋಣೆಗೆ ಬಂತು!"

ನಾನು ಸ್ವಿಚ್ಚು ಬಿಟ್ಟು ಓಡಿದೆ. ಹಿಂದಿನ ಕೋಣೆಯಲ್ಲಿ ಬೆಳಗಾಗಿತ್ತು. ಸುಣ್ಣ ಕಾಣದ ಗೋಡೆ, ಈರುಳ್ಳಿಯ ಬುಟ್ಟಿ, ಚಂಪಕಳ ಬೆವರಿದ ಹಣೆ, ಎಲ್ಲದರ ಮೇಲೆ ಎಳೆಯ ಹಳದಿ ಬೆಳಕು ಕೂತಿತ್ತು. ಕೆಂಪಕ್ಕನ ಕೈಯಲ್ಲಿ ಮಗು ಇತ್ತು. ಅದು ಅಳುತ್ತಿರಲಿಲ್ಲ. ಕೆಂಪಕ್ಕ ಅದರ ಬೆನ್ನು ತಟ್ಟಿದಳು, ಪಾದ ತಿಕ್ಕಿದಳು, ಮತ್ತೆ ತಟ್ಟಿದಳು. ಮಗು ಮುಖ ಕಿವುಚಿ, ಒಂದು ಕಣ್ಣು ಬಿಟ್ಟು, ಇದೇನು ಎನ್ನುವ ಹಾಗೆ ಕೆಂಪಕ್ಕನನ್ನು ನೋಡಿ, ಆಮೇಲೆ ಇನ್ನೊಂದು ಕಣ್ಣೂ ಬಿಟ್ಟು ಕೋಣೆ ಹಾರಿಹೋಗುವಂತೆ ಅತ್ತಿತು.

"ಹೆಣ್ಣು," ಎಂದಳು ಕೆಂಪಕ್ಕ.

"ಅತ್ತೇ," ಎಂದಳು ಚಂಪಕ, "ಬಂತು."

ನಾನು ಹೊಸ್ತಿಲ ಮೇಲೆ ಕೂತೆ. ಆಗ ಹೊಳೆಯಿತು ನನಗೆ, ನೂರಕ್ಕ ಹೇಳಿದ್ದ ತಟ್ಟೆಗಳ ಮಾತು. ಯಜಮಾನರು ಮರ್ಯಾದೆಯ ಪ್ರಕಾರ ಜಗಲಿಯಿಂದ ಹೇಳುತ್ತ ಬಂದರು, ನಾನು ಒಂದರ ಮೇಲೊಂದು ಜೋಡಿಸುತ್ತ ಬಂದೆ. ಕೊನೆಯಲ್ಲಿ ಇಟ್ಟದ್ದು ಎಲ್ಲಕ್ಕಿಂತ ಮೇಲೆ ಕೂತಿತು. ಕಂಪ್ಯೂಟರಿಗೆ ನಮ್ಮ ಮನೆಯ ಮರ್ಯಾದೆ ಗೊತ್ತಿಲ್ಲ, ಕೈಗೆ ಮೊದಲು ಸಿಕ್ಕಿದ್ದನ್ನು ಮೊದಲು ತೆಗೆದುಕೊಂಡಿತು. ಹಿಂದಿನ ಕೋಣೆ, ಅಡುಗೆಮನೆ, ದೇವರಮನೆ ಎಂದು ಬೆಳಗು ಹಿತ್ತಲಿನಿಂದ ಮುಂದಕ್ಕೆ ನಡೆದುಕೊಂಡು ಹೋಯಿತು. ನಾನು ನೋಡುತ್ತಿದ್ದ ಹಾಗೆ ನಡುಮನೆಯ ಕಿಟಕಿ ಬೆಳ್ಳಗಾಯಿತು. ಅಲ್ಲಿಗೆ ನಿಂತಿತು. ಟೀವಿಯ ಮೇಲೆ ಜಾಗ ಮುಗಿಯಿತು ಎಂದು ಬಿದ್ದಿದ್ದನ್ನು ಮಧುಕರ ಹೋಗಿ ನೋಡಿ ಬಂದು ಹೇಳಿದ. ಮಧುಕರನ ಲೆಕ್ಕ ತಪ್ಪಿತ್ತು, ಒಂದು ಕೋಣೆಯಷ್ಟು ಸಾಲದೇ ಬಂದಿತ್ತು. ನೆಟ್ಟಗೆ ಬರೆದಿದ್ದರೆ ಕತ್ತಲಲ್ಲಿ ಉಳಿಯುತ್ತಿದ್ದುದು ಈ ಹಿಂದಿನ ಕೋಣೆಯೇ. ಸರಿಯಾಗಿ ಮಾಡಿದ್ದರೆ ಆ ಮಗು ಏಳುತ್ತಿರಲಿಲ್ಲ.

ಕೆಂಪಕ್ಕ ಬಿಸಿನೀರು ಕೇಳಿದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಅಭ್ಯಾಸಬಲದಿಂದ ದೀಪ ಹಚ್ಚಲು ಬೆಂಕಿಪೊಟ್ಟಣಕ್ಕೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟೆ. ಒಲೆಯ ಮೇಲಿನ ಗೋಡೆ ಕಪ್ಪಲ್ಲ, ಕಂದು. ಮಸಿ ಬಳಿದ ಸೂರಿನಲ್ಲಿ ಒಂದು ಹೆಂಚು ಸೀಳಿತ್ತು. ಮೂವತ್ತು ವರ್ಷ ನನ್ನ ಭುಜ ತಾಗಿ ತಾಗಿ ಬಾಗಿಲ ಪಕ್ಕದ ಗೋಡೆ ನುಣ್ಣಗಾಗಿತ್ತು. ನನಗೆ ಸಂತೋಷವಾಗಬೇಕಿತ್ತು, ಮಗು ಅಳುತ್ತಿರುವುದು ಕೇಳುತ್ತಲೇ ಇತ್ತು. ಸಂತೋಷದ ಜೊತೆಗೆ ಯಾರ ಮೇಲೆಂದು ಗೊತ್ತಾಗದ ಸಿಟ್ಟೂ ಬಂತು. ಹಂಡೆಯ ನೀರನ್ನು ಒಲೆಯ ಮೇಲಿಟ್ಟು ಊದತೊಡಗಿದೆ.

ಯಜಮಾನರು ಜಗಲಿಯ ಕತ್ತಲೆಯಿಂದ ಎದ್ದು ಬಂದಿದ್ದರು. ಮೊಮ್ಮಗಳನ್ನು ದೂರದಿಂದಲೇ ನೋಡಿ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದರು.

"ಜಗಲಿಗೆ ಬರ್ಲೇ ಇಲ್ಲ ಕಣೇ," ಎಂದರು. "ನಾಳೆ ಅದನ್ನ ಸರಿಯಾಗಿ ತಿರುಗಿಸಿ..."

ಅವರು ಬಾಗಿಲಲ್ಲಿ ನಿಂತು ಒಲೆ ನೋಡಿದರು, ಸೂರು ನೋಡಿದರು, ಈ ಗೋಡೆಯಿಂದ ಆ ಗೋಡೆಗೆ ಕಣ್ಣು ಹಾಯಿಸಿದರು. ಹಾಯಿಸಲು ಹೆಚ್ಚು ದೂರವಿರಲಿಲ್ಲ. ಒಂದು ಹೆಜ್ಜೆ ಒಳಗಿಟ್ಟವರು ನನಗೆ ತಾಗೀತೆಂದು ಮತ್ತೆ ಹಿಂದಕ್ಕೆ ಸರಿದರು.

"ಇಷ್ಟೇನಾ?" ಎಂದರು.

"ಇಷ್ಟೇ."

"ಇಲ್ಲಿ ಒಬ್ರು ಕೂತ್ಕೊಳ್ಳೋಕೂ ಜಾಗ ಇಲ್ವಲ್ಲೇ."

ನಾನು ಊದುಕೊಳವೆ ಕೆಳಗಿಟ್ಟು, ಹೊಗೆಗೆ ನೀರು ತುಂಬಿದ ಕಣ್ಣನ್ನು ಸೆರಗಿನಿಂದ ಒತ್ತಿಕೊಂಡೆ.

"ಮೂವತ್ತು ವರ್ಷದಲ್ಲಿ ಇಲ್ಲಿ ಕೂತಿದ್ದು ಯಾರು?" ಎಂದೆ.